ಕರಾವಳಿಯ ಗಾಳಿಕಣಗಳು ಮತ್ತು ಬೆಳಕಿನ ಕ್ಷೀಣತೆ: ಮಾದರಿಗಳ ಇತಿಹಾಸ

ಕಡಲ ಮೇಲೆ ಹಾಯುವ ಬೆಳಕಿನ ಕಿರಣವನ್ನು, ಅದು ದೀಪಸ್ತಂಭದ್ದಾಗಲಿ ಲೇಸರಿನದಾಗಲಿ, ಗಾಳಿಯಲ್ಲಿ ತೇಲುವ ಉಪ್ಪು, ಧೂಳು, ಹೊಗೆಯ ಕಣಗಳು ಚದುರಿಸುತ್ತವೆ, ಒಂದಿಷ್ಟು ಹೀರುತ್ತವೆ. ಈ ನಷ್ಟವನ್ನು ಹವಾಮಾನದ ಅಳತೆಗಳಿಂದ ಅಂದಾಜು ಮಾಡುವ ಗಣಿತ ವಿಧಾನಗಳೇ ಕ್ಷೀಣತಾ ಮಾದರಿಗಳು.

ಬುನಾದಿ ಹಳೆಯದು. ಒಂದೇ ದಪ್ಪದ ಪ್ರತಿ ಪದರವೂ ತನ್ನೊಳಗೆ ಬಂದ ಬೆಳಕಿನಲ್ಲಿ ಒಂದೇ ಪಾಲನ್ನು ಕಳೆಯುತ್ತದೆಂದು ಫ್ರಾನ್ಸಿನ ಪಿಯರ್ ಬುಗೇರ್ 1729ರಲ್ಲಿ ತೋರಿಸಿದ. ಗೋಳಾಕಾರದ ಒಂದು ಕಣ ಎಷ್ಟು ಬೆಳಕನ್ನು ಚದುರಿಸುತ್ತದೆಂಬ ಲೆಕ್ಕವನ್ನು 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಕೊಟ್ಟ. ಯಾವ ಗಾತ್ರದ ಕಣ ಗಾಳಿಯಲ್ಲಿ ಎಷ್ಟಿದೆ ಎಂಬ ಪ್ರಶ್ನೆ ಉಳಿಯಿತು. ನಿಜವಾದ ಕಷ್ಟವಿರುವುದು ಇಲ್ಲೇ.

ನೊರೆಯ ಗುಳ್ಳೆ ಒಡೆದಾಗ ಸಿಡಿಯುವ ಹನಿಗಳಿಂದ ಉಪ್ಪಿನ ಕಣ ಹುಟ್ಟುವ ಬಗೆಯನ್ನು ಅಮೆರಿಕದ ಆಲ್ಫ್ರೆಡ್ ವುಡ್‌ಕಾಕ್, ಡಂಕನ್ ಬ್ಲಾಂಚಾರ್ಡ್ 1950ರ ದಶಕದಲ್ಲಿ ವಿವರಿಸಿದರು. ಈ ಕಣ ತೇವಕ್ಕೆ ಊದಿಕೊಳ್ಳುತ್ತದೆ: ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಹರಳು ಕರಗಿ ಹನಿಯಾಗುತ್ತದೆ, ಶೇ. 80ರಲ್ಲಿ ಅದರ ವ್ಯಾಸ ಒಣಗಿದ್ದಾಗಿನ ಎರಡರಷ್ಟಾಗುತ್ತದೆ. ಹಾಗಾಗಿ ಗಾಳಿಯ ವೇಗ ಒಂದೇ ಇದ್ದರೂ ಒಣ ಮಧ್ಯಾಹ್ನಕ್ಕಿಂತ ತೇವದ ಸಂಜೆಯಲ್ಲಿ ಕಿರಣ ಬೇಗ ಕುಂದುತ್ತದೆ.

1983ರಲ್ಲಿ ಸ್ಟುವರ್ಟ್ ಗ್ಯಾಥ್‌ಮನ್ ಪ್ರಕಟಿಸಿದ ಅಮೆರಿಕ ನೌಕಾಪಡೆಯ ಮಾದರಿ ಇವೆಲ್ಲವನ್ನೂ ಒಟ್ಟುಗೂಡಿಸಿತು. ಅದರಲ್ಲಿ ಕಣಗಳು ಮೂರು ಗುಂಪು. ನೆಲದಿಂದ ಬಂದವು ಸುಮಾರು 0.03 ಮೈಕ್ರೋಮೀಟರ್ ತ್ರಿಜ್ಯದವು. 0.24ರ ಗುಂಪು ಹಿಂದಿನ 24 ಗಂಟೆಗಳ ಸರಾಸರಿ ಗಾಳಿಯನ್ನು, 2 ಮೈಕ್ರೋಮೀಟರಿನ ಹೊಸ ತುಂತುರು ಆ ಕ್ಷಣದ ಗಾಳಿಯನ್ನು ಅವಲಂಬಿಸಿತ್ತು. ನೆಲದ ಪ್ರಭಾವಕ್ಕೆ 1ರಿಂದ 10ರವರೆಗಿನ ಒಂದು ಸಂಖ್ಯೆ. ಅದನ್ನು ಗಾಳಿಯ ರೇಡಾನ್ ಅಳೆದು ಪಡೆಯಬಹುದಿತ್ತು. ರೇಡಾನ್ ಹೊಮ್ಮುವುದು ಬಹುಪಾಲು ನೆಲದಿಂದ, ಅರ್ಧಾಯು 3.8 ದಿನ; ಗಾಳಿ ನೆಲ ಬಿಟ್ಟು ಎಷ್ಟು ಕಾಲವಾಯಿತೆಂದು ಅದು ಹೇಳುತ್ತದೆ. ಇಡೀ ಮಾದರಿಯಲ್ಲಿ ಅತ್ಯಂತ ಜಾಣ ಯೋಚನೆ ಇದೇ.

ತೆರೆದ ಸಾಗರಕ್ಕೆ ಹೊಂದಿದ ಈ ಲೆಕ್ಕ ದಡದ ಬಳಿ ತಪ್ಪತೊಡಗಿತು. 1993ರಲ್ಲಿ ನೆದರ್‌ಲ್ಯಾಂಡ್ಸ್ ಕರಾವಳಿಯಲ್ಲಿ ಹಲವು ದೇಶಗಳು ಕೂಡಿ ಅಳತೆ ನಡೆಸಿದವು. ಅದೇ ದಶಕದಲ್ಲಿ ಕ್ಯಾಲಿಫೋರ್ನಿಯಾದ ದಡದಲ್ಲಿ ಗೆರಿಟ್ ಡಿ ಲ್ಯೂ ಮತ್ತು ಸಂಗಡಿಗರು ದಡಕ್ಕೆ ಬಡಿದು ಒಡೆಯುವ ಅಲೆಗಳನ್ನು ಗಮನಿಸಿದರು. ಅಲ್ಲಿ ಗಾಳಿ ಮಂದವಾಗಿದ್ದರೂ ತುಂತುರಿನ ಕಣಗಳು ಹೇರಳವಾಗಿದ್ದವು. ಫ್ರಾನ್ಸಿನ ತೂಲೊನ್‌ನಲ್ಲಿ ಝಾಕ್ ಪಿಯಾಝೊಲಾ ಮತ್ತಿತರರು ಗಾಳಿ ನೀರಿನ ಮೇಲೆ ಎಷ್ಟು ದೂರ ಸಾಗಿ ಬಂದಿದೆಯೆಂಬುದನ್ನೂ ಲೆಕ್ಕಕ್ಕೆ ಸೇರಿಸಿದರು. 2003ರಲ್ಲಿ ಹೊರಬಂದ ಮೆಡೆಕ್ಸ್ ಮಾದರಿ ಇದರ ಫಲ.

ನೆಲದ ಕಡೆಯಿಂದ ಬೀಸುವ ಗಾಳಿ ಇನ್ನೂ ತೊಡಕಿನದೇ. ಉಪ್ಪು ಗೋಚರ ಬೆಳಕನ್ನು ಬಹುತೇಕ ಚದುರಿಸುತ್ತದಷ್ಟೆ, ಮಸಿ ಹೀರುತ್ತದೆ. ಗಾತ್ರ ಎಣಿಸಿದರೆ ಸಾಲದು, ಕಣ ಯಾವುದರಿಂದಾದದ್ದೆಂದೂ ತಿಳಿದಿರಬೇಕು.