ಅಟ್ಟದ ಮೇಲಿನ ಗಂಟು

ಪಾದಪೂಜೆಯ ನಿಮಿತ್ತ ಕಳೆದ ವರ್ಷ ಭಕ್ತರೊಬ್ಬರ ಮನೆಗೆ ಹೋಗಿದ್ದೆವು. ಮನೆಯು ವಿಶಾಲವಾದುದೇ. ಆದರೂ ಆಸನ ಹಾಕುವಷ್ಟು ನೆಲವನ್ನು ತೆರವು ಮಾಡಲು ಮನೆಮಂದಿಯೆಲ್ಲ ಅರ್ಧ ಗಂಟೆ ಶ್ರಮಿಸಬೇಕಾಯಿತು. ಕೆಟ್ಟು ನಿಂತ ಯಂತ್ರಗಳು, ಮದುವೆಗಳಲ್ಲಿ ಬಂದು ಇನ್ನೂ ಬಿಚ್ಚದ ಉಡುಗೊರೆಯ ಪೆಟ್ಟಿಗೆಗಳು, ಯಾರೂ ಕೂಡದ ಕುರ್ಚಿಗಳು ಒಂದೊಂದಾಗಿ ಒಳಕೋಣೆಗೆ ಸಾಗಿದವು. ಆ ಮನೆಯ ಹಿರಿಯ ತಾಯಿ ಸಂಕೋಚದಿಂದ, "ಅಜ್ಜಾರ, ಇದರಾಗ ಯಾವುದೂ ನಮಗ ಬೇಕಾಗಿಲ್ಲ. ಆದರ ಒಂದನ್ನೂ ಹೊರಗ ಹಾಕಾಕ ಮನಸ್ಸು ಬರವಲ್ದು" ಎಂದರು. ಈ ಮಾತು ನಮ್ಮನ್ನು ಬಹುದಿನ ಕಾಡಿತು. ಬೇಡವಾದುದನ್ನೂ ಬಿಡಲಾರದ ಈ ಸ್ಥಿತಿಗೆ ನಮ್ಮ ಮನೆಗಳು ಬಂದುದು ಹೇಗೆಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಹಿರಿಯರು ಸಂಗ್ರಹವನ್ನೇ ಅರಿಯದವರೆಂದು ಯಾರೂ ಭಾವಿಸಬಾರದು. ಎರೆಯ ಭೂಮಿಯ ಊರುಗಳಲ್ಲಿ ಹಗೇವುಗಳಿದ್ದವು. ನೆಲದಲ್ಲಿ ಆಳವಾಗಿ ತೋಡಿದ ಆ ಕುಣಿಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆಯನ್ನೇ ನಂಬಿದ ನಾಡಿಗೆ ಅದು ಲೋಭವಲ್ಲ, ವಿವೇಕ. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಈ ವಿವೇಕದ ಬೆಲೆಯನ್ನು ತೋರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಂಥ ದಿನಗಳನ್ನು ಕಂಡ ಮನೆತನಗಳಲ್ಲಿ 'ಇರಲಿ, ಮುಂದೆ ಬೇಕಾದೀತು' ಎಂಬ ನುಡಿ ಸಂಸ್ಕಾರವಾಗಿ ಉಳಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಸಂಗ್ರಹಕ್ಕೆ ಒಂದು ಮಿತಿಯೂ ಒಂದು ಗತಿಯೂ ಇದ್ದವು. ಹಗೇವಿನ ಕಾಳು ಬಿತ್ತನೆಗೋ ಊಟಕ್ಕೋ ದಾಸೋಹಕ್ಕೋ ಹೊರಬರಲೇಬೇಕು. ತಾಮ್ರ ಹಿತ್ತಾಳೆಯ ಪಾತ್ರೆಗಳು ಎಣಿಕೆಗೆ ಸಿಗುವಷ್ಟೇ ಇರುತ್ತಿದ್ದವು. ಅವು ಮಾಸಿದರೆ ಕಲಾಯಿ ಮಾಡುವವನು ಊರಿಗೆ ಬರುತ್ತಿದ್ದ. ಒಡೆದರೆ ಹಳೆಯ ಲೋಹಕ್ಕೆ ಬೆಲೆ ಕಟ್ಟಿ ಹೊಸದನ್ನು ಕೊಡುವ ಬೋಗಾರನಿದ್ದ. ಹರಿದ ಸೀರೆ ಧೋತರಗಳು ಕೌದಿಯಾಗಿ ಮನೆಮಂದಿಯ ಚಳಿ ಕಳೆಯುತ್ತಿದ್ದವು. ಒಟ್ಟಿನಲ್ಲಿ ಮನೆಯೊಳಕ್ಕೆ ಬಂದ ವಸ್ತುವಿಗೆ ಹೊರಹೋಗುವ ದಾರಿಯೂ ಸಿದ್ಧವಾಗಿರುತ್ತಿತ್ತು. ಈ ದಾರಿ ಮುಚ್ಚಿಹೋದುದೇ ಇಂದಿನ ತೊಡಕಿನ ಮೂಲವೆಂದು ನಮಗೆ ತೋರುತ್ತದೆ.

ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ಗೃಹಸ್ಥ ದಂಪತಿಗಳ ನೆನಪು ಸಹಜವಾಗಿಯೇ ಬರುತ್ತದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ವಿಸ್ತಾರವಾಗಿ ನಿರೂಪಿಸುವ ಶೂನ್ಯಸಂಪಾದನೆಯು ಆ ಕಾಲಕ್ಕಿಂತ ಬಹಳ ಈಚಿನ ಸಂಕಲನವೆಂಬುದು ವಿದ್ವಾಂಸರಿಗೆ ತಿಳಿದುದೇ. ಆದರೆ 'ಮಾರಯ್ಯಪ್ರಿಯ ಅಮರೇಶ್ವರಲಿಂಗ' ಎಂಬ ಅಂಕಿತದ ಲಕ್ಕಮ್ಮನ ವಚನಗಳೇ ನಮಗೆ ಉಳಿದಿವೆ. ಅತಿಯಾಸೆಯ ಖಂಡನೆ ಅವುಗಳ ಜೀವಾಳವಾಗಿದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಲಕ್ಕಮ್ಮ ಬಡತನವನ್ನು ಹೊಗಳಲಿಲ್ಲ. ತಾನು ಬಡವಳೆಂದು ಒಪ್ಪಿಕೊಳ್ಳಲೂ ಇಲ್ಲ. ಅಕ್ಕಿ ಚೆಲ್ಲಿದ್ದ ಅಂಗಳವಾದರೋ ಬಿಜ್ಜಳನ ಭಂಡಾರಿಯದು. ಆಯ್ದರೆ ತಡೆಯುವವರಿರಲಿಲ್ಲ, ಕದ್ದುದೆನ್ನುವವರೂ ಇರಲಿಲ್ಲ. ಆದರೂ ಅವಳ ಪ್ರಶ್ನೆ 'ಇದು ಸಿಕ್ಕಿತೇ' ಎಂಬುದಾಗಿರಲಿಲ್ಲ, 'ಇದು ನಮಗೆ ಸಲ್ಲುವುದೇ' ಎಂಬುದಾಗಿತ್ತು. ಇಂದಿನ ಅಗತ್ಯಕ್ಕೆ ಮೀರಿದ ಭಾಗವು ಇನ್ನೊಬ್ಬರ ಪಾಲು. ಅದನ್ನು ಮನೆಯಲ್ಲಿರಿಸಿಕೊಳ್ಳುವುದೆಂದರೆ ಪರರ ಒಡವೆಯನ್ನು ಕಾಯುತ್ತ ಕೂತಂತೆಯೇ ಸರಿ.

ಸ್ವಾತಂತ್ರ್ಯಾನಂತರ ನಮ್ಮ ಅಡುಗೆಮನೆಗಳಿಗೆ ಸ್ಟೀಲಿನ ಪಾತ್ರೆಗಳು ಬಂದವು. ಕಲಾಯಿಯವನ ಕೆಲಸ ಕಡಿಮೆಯಾಯಿತು. ಪ್ಲಾಸ್ಟಿಕ್ ಬಂದಿತು; ಒಡೆದುದನ್ನು ಕೊಂಡು ಕರಗಿಸುವ ಬೋಗಾರನಿಗೆ ಅದರಿಂದ ಪ್ರಯೋಜನವಿರಲಿಲ್ಲ. 1991ರ ಆರ್ಥಿಕ ಸುಧಾರಣೆಗಳ ತರುವಾಯ ಪೇಟೆಯಲ್ಲಿ ಸರಕುಗಳ ಹೊಳೆಯೇ ಹರಿಯಿತು; ಕಂತಿನ ಮೇಲೆ ಕೊಳ್ಳುವುದೂ ಸುಲಭವಾಯಿತು. ಇವುಗಳಿಂದ ಗೃಹಿಣಿಯರ ದುಡಿಮೆ ಹಗುರಾದುದು ನಿಜ. ಬೀಸುಕಲ್ಲಿನ ಕಷ್ಟವನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಕ್ಷಾಮದ ಕಾಲದಲ್ಲಿ ಮೊಳೆತ 'ಮುಂದೆ ಬೇಕಾದೀತು' ಎಂಬ ಭಾವನೆ ಹಾಗೆಯೇ ಉಳಿಯಿತು. ವಸ್ತುವನ್ನು ದುರಸ್ತಿ ಮಾಡುವ, ಬದಲಿಸುವ, ಮರುಬಳಸುವ ದಾರಿಗಳು ಮಾತ್ರ ಕಿರಿದಾದವು. ಕಾಳಿಗೆ ಸಲ್ಲುವ ನೀತಿಯನ್ನು ನಾವು ಕೆಟ್ಟ ಫ್ಯಾನಿಗೂ ಅನ್ವಯಿಸುತ್ತಿದ್ದೇವೆ.

ಪರರಿಗೆ ಉಪದೇಶಿಸುವ ಮುನ್ನ ನಮ್ಮ ಮಠದ ಉಗ್ರಾಣದ ಬಾಗಿಲನ್ನೂ ತೆರೆಯಬೇಕಾದುದು ನ್ಯಾಯ. ಸಭೆ ಸಮಾರಂಭಗಳಲ್ಲಿ ಭಕ್ತರು ಹೊದಿಸಿದ ಶಾಲುಗಳು, ನೆನಪಿನ ಫಲಕಗಳು, ಗೋಡೆ ಗಡಿಯಾರಗಳು ವರ್ಷಾನುಗಟ್ಟಲೆ ಅಲ್ಲಿ ಬೆಳೆದಿದ್ದವು. ಭಕ್ತಿಯಿಂದ ಕೊಟ್ಟುದನ್ನು ಬೇರೆಯವರಿಗೆ ಕೊಟ್ಟರೆ ಕೊಟ್ಟವರ ಮನಸ್ಸು ನೋಯಬಹುದೆಂದು ನಾವೇ ಅವನ್ನು ಕಟ್ಟಿ ಇರಿಸಿದ್ದೆವು. ಒಂದು ಮಳೆಗಾಲದಲ್ಲಿ ಗಂಟು ಬಿಚ್ಚಿ ನೋಡಿದರೆ ಅನೇಕ ಶಾಲುಗಳು ನುಸಿ ತಿಂದು ಜಾಳಾಗಿದ್ದವು. ಅದೇ ಛಾವಣಿಯ ಕೆಳಗೆ ಪ್ರಸಾದನಿಲಯದ ಬಾಲಕರು ಹಿಂದಿನ ಚಳಿಗಾಲವನ್ನು ತೆಳು ಹೊದಿಕೆಯಲ್ಲಿ ಕಳೆದಿದ್ದರು. ನಮಗೆ ತಲೆ ತಗ್ಗಿತು. ಭಕ್ತಿಯನ್ನು ಕಾಪಾಡುವೆವೆಂದು ನುಸಿಯನ್ನು ಸಾಕಿದ್ದೆವು. ಉಳಿದ ಶಾಲುಗಳನ್ನು ಅಂದೇ ಬಾಲಕರಿಗೆ ಹಂಚಿದೆವು.

ಹಾಗೆಂದು ಹಳೆಯದೆಲ್ಲವನ್ನೂ ತಿಪ್ಪೆಗೆ ಹಾಕುವುದೂ ಜಾಣತನವಲ್ಲ. ಇದಕ್ಕೆ ಫ. ಗು. ಹಳಕಟ್ಟಿಯವರ ಜೀವನವೇ ಸಾಕ್ಷಿ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿ ಕೈಗೊಂಡ ಅವರು ಊರೂರು ಅಲೆದು ಮಠ ಮನೆಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಅರಸಿದರು. ಓದುವವರಿಲ್ಲದೆ ಹೊಗೆ ಧೂಳುಗಳ ನಡುವೆ ಬಿದ್ದ ಕಟ್ಟುಗಳು ಕೆಲವು. ಪೂಜೆಗೆ ಪಾತ್ರವಾಗಿಯೂ ಬಿಚ್ಚುವವರನ್ನು ಕಾಣದವು ಹಲವು. ಆ ಗಂಟುಗಳಲ್ಲಿ ಇದ್ದುದು ವಚನ ಸಾಹಿತ್ಯ! 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಕು ಕಂಡಿತು. ಸ್ವಂತ ಮನೆಯನ್ನೇ ಮಾರಿ ಅವರು ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಅವರು ಲಿಂಗೈಕ್ಯರಾದಾಗ ಸ್ವಂತಕ್ಕೆಂದು ಕೂಡಿಟ್ಟ ಸಂಪತ್ತು ಇರಲಿಲ್ಲ. ನಾಡಿಗೆ ಮಾತ್ರ ಒಂದು ಸಾಹಿತ್ಯವೇ ದೊರಕಿತ್ತು.

ಮೇಲುನೋಟಕ್ಕೆ ಲಕ್ಕಮ್ಮ ಹಿಂದಿರುಗಿಸಿದವಳು, ಹಳಕಟ್ಟಿಯವರು ಕೂಡಿಸಿದವರು. ಆದರೆ ಇಬ್ಬರ ನಿಯಮವೂ ಒಂದೇ: ವಸ್ತುವು ಅದರ ಅಗತ್ಯವಿದ್ದವರ ಕೈಸೇರಬೇಕು. ಅಟ್ಟದ ಮೇಲೆಯೇ ಉಳಿದಿದ್ದರೆ ಲಕ್ಕಮ್ಮನ ನುಡಿಗಳೂ ಗೆದ್ದಲಿನ ಪಾಲಾಗುತ್ತಿದ್ದವು.

ಯುಗಾದಿಗೂ ದೀಪಾವಳಿಗೂ ಮನೆ ಸಾರಿಸಿ ಸುಣ್ಣ ಬಳಿಯುವ ಪದ್ಧತಿ ನಮ್ಮಲ್ಲಿದೆ. ಆಗ ಸಾಮಾನುಗಳನ್ನು ಹೊರಗಿಟ್ಟು, ಧೂಳು ಕೊಡವಿ, ಪುನಃ ಒಳಗಿಡುತ್ತೇವೆ. ಈ ಬಾರಿ ಒಳಗಿಡುವ ಮುನ್ನ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು, ಇದು ನಮಗೆ ಸಲ್ಲುವುದೋ ಬೇರೆಯವರಿಗೆ ಸಲ್ಲುವುದೋ ಎಂದು ಕೇಳಿಕೊಳ್ಳೋಣ. ಬಳಸುವವರಿದ್ದರೆ ಇನ್ನೂ ಗಟ್ಟಿಯಾಗಿರುವಾಗಲೇ ಕೊಟ್ಟುಬಿಡೋಣ. ಕೆಟ್ಟ ಮೇಲೆ ಕೊಡುವುದು ದಾಸೋಹವಾಗಲಾರದು. ಓಲೆಗರಿ, ಹಳೆಯ ಕಡತ, ಕೈಬರಹದ ಪುಸ್ತಕಗಳು ಸಿಕ್ಕರೆ ಓದಬಲ್ಲವರಿಗೆ ತೋರಿಸದೆ ಎಸೆಯದಿರೋಣ. ಮಠಕ್ಕೆ ಬರುವ ಭಕ್ತರಲ್ಲಿಯೂ ಒಂದು ವಿನಂತಿ. ನಮಗೆ ಶಾಲು ಹೊದಿಸುವ ಬದಲು ಪ್ರಸಾದನಿಲಯಕ್ಕೆ ಒಂದು ಚೀಲ ಜೋಳ ತನ್ನಿರಿ. ಅದು ಯಾವ ಉಗ್ರಾಣದಲ್ಲಿಯೂ ಬಹಳ ದಿನ ಉಳಿಯುವುದಿಲ್ಲ.