ಗತಕಾಲದ ಮೊಗವಾಡಗಳು

ಕ್ರಿ.ಶ. 1227ನೆಯ ವಸಂತಕಾಲದಲ್ಲಿ ವೆನಿಸ್ ನಗರದ ಸಮೀಪದ ಮೆಸ್ತ್ರೆಯಿಂದ ವಿಚಿತ್ರವಾದೊಂದು ಮೆರವಣಿಗೆಯು ಉತ್ತರಾಭಿಮುಖವಾಗಿ ಹೊರಟಿತು. ಬಿಳಿಯ ಉಡುಪನ್ನುಟ್ಟು, ನೀಳವಾದ ಜಡೆಗಳನ್ನು ಇಳಿಯಬಿಟ್ಟು, ಮೋರೆಗೆ ಮುಸುಕನ್ನು ಹಾಕಿಕೊಂಡು ಅದರ ನಡುವೆ ಕುದುರೆಯನ್ನೇರಿ ಬಂದವಳು ರೋಮನರ ಪ್ರಣಯದೇವತೆಯಾದ ವೀನಸ್. ತನ್ನೊಡನೆ ಭರ್ಜಿಯನ್ನು ಮುರಿದ ಪ್ರತಿಯೊಬ್ಬ ರಾಹುತನಿಗೂ ಚಿನ್ನದ ಉಂಗುರವೊಂದನ್ನು ಕೊಡುವುದಾಗಿ ದೇವಿಯು ಮುಂಚಿತವಾಗಿಯೇ ಸಾರಿದ್ದಳು. ಮುಸುಕಿನೊಳಗಿದ್ದವನಾದರೋ ಸ್ಟೈರಿಯ ಪ್ರಾಂತದ ಕುಲೀನ ರಾಹುತ ಉಲ್ರಿಖ್ ಫಾನ್ ಲೀಖ್ಟೆನ್‌ಸ್ಟೈನ್. ವಿಯೆನ್ನಾವನ್ನು ಹಾಯ್ದು ಬೊಹೀಮಿಯದ ಗಡಿಯನ್ನು ಮುಟ್ಟುವಷ್ಟರಲ್ಲಿ ತಾನು 307 ಭರ್ಜಿಗಳನ್ನು ಮುರಿದೆನೆಂದು ಅವನು ಸುಮಾರು 1255ರಲ್ಲಿ ರಚಿಸಿದ ಆತ್ಮಕಥನಕಾವ್ಯದಲ್ಲಿ ಹೇಳಿಕೊಂಡಿರುವನು. ಚರಿತ್ರಕಾರರು ಈ ಲೆಕ್ಕವನ್ನೆಲ್ಲ ನಂಬುವುದಿಲ್ಲ, ನಂಬಬೇಕಾದುದೂ ಇಲ್ಲ. 1240ರಲ್ಲಿ ಇದೇ ಮಹಾಶಯನು ಆರ್ಥರ್ ಮಹಾರಾಜನ ವೇಷವನ್ನು ಧರಿಸಿ ಎರಡನೆಯ ಯಾತ್ರೆಗೆ ಹೊರಟನಂತೆ.

ಮಧ್ಯಯುಗದ ಜೀವನವನ್ನು ಅಭಿನಯಿಸುವ ಹವ್ಯಾಸವು ಆಧುನಿಕರ ಹುಚ್ಚೆಂದು ನಗುವವರು ಉಲ್ರಿಖನನ್ನು ನೆನೆಯುವುದು ಯುಕ್ತ. ಮಧ್ಯಯುಗದವರೇ ತಮಗಿಂತ ಹಿಂದಿನ ಕಾಲವೊಂದನ್ನು ಕಲ್ಪಿಸಿಕೊಂಡು ಅದರ ವೇಷವನ್ನು ಕಟ್ಟಿದರು. 1223ರಲ್ಲಿ ಸೈಪ್ರಸ್ ದ್ವೀಪದಲ್ಲಿ ಬೇರೂತಿನ ಒಡೆಯನಾದ ಜಾನ್ ಆಫ್ ಇಬೆಲಿನ್ ತನ್ನ ಮಕ್ಕಳಿಗೆ ರಾಹುತದೀಕ್ಷೆಯನ್ನು ಕೊಡಿಸಿದಾಗ ನೆರೆದ ಶ್ರೀಮಂತರು ಬ್ರಿಟನ್ನಿನ ಸಾಹಸಗಳನ್ನೂ ದುಂಡುಮೇಜಿನ ವೀರರನ್ನೂ ಅನುಕರಿಸಿ ಆಡಿದರೆಂದು ಸಮಕಾಲೀನ ಬರಹಗಾರನೊಬ್ಬನು ದಾಖಲೆಮಾಡಿರುವನು. ಆರ್ಥರನೆಂಬವನು ನಿಜವಾಗಿ ಇದ್ದನೇ ಎಂಬುದೇ ಸಂದೇಹ. ಇದ್ದನೆಂದರೂ ಅವನ ಕಾಲವು ಆ ಕೂಟಕ್ಕೆ ಏಳುನೂರು ವರ್ಷಗಳ ಹಿಂದಿನದು. ಅಂತೂ ಗತವೈಭವಕ್ಕಾಗಿ ಹಂಬಲಿಸುವುದು ಆ ಗತಕಾಲಕ್ಕೇ ಸಲ್ಲುವ ಹಳೆಯ ಚಾಳಿ.

ಇತ್ತೀಚಿನ ಶತಮಾನಗಳಲ್ಲಿ ಈ ಹಂಬಲವು ಅತ್ಯಂತ ಆಡಂಬರದಿಂದಲೂ ಅತ್ಯಂತ ದುರದೃಷ್ಟದಿಂದಲೂ ಪ್ರಕಟವಾದುದು ಸ್ಕಾಟ್ಲೆಂಡಿನ ಎಗ್ಲಿಂಟನ್ನಿನಲ್ಲಿ. 1838ರಲ್ಲಿ ವಿಕ್ಟೋರಿಯಾ ರಾಣಿಗೆ ಪಟ್ಟಾಭಿಷೇಕವಾದಾಗ ಅಂದಿನ ಮಂತ್ರಿಮಂಡಲವು ಮಿತವ್ಯಯದ ನೆಪದಿಂದ ಪ್ರಾಚೀನವಾದ ಕೆಲವು ವಿಧಿಗಳನ್ನು ಕೈಬಿಟ್ಟಿತು. ಕವಚಧಾರಿಯಾದ ವೀರನೊಬ್ಬನು ಕುದುರೆಯೇರಿ ಭೋಜನಶಾಲೆಗೆ ಬಂದು, ಅರಸನ ಹಕ್ಕನ್ನು ಅಲ್ಲಗಳೆಯುವವನನ್ನು ಕಾಳಗಕ್ಕೆ ಕರೆಯುವ ಸಂಪ್ರದಾಯವೂ ಹೀಗೆ ಬಿಟ್ಟುಹೋಯಿತು. ವಾಲ್ಟರ್ ಸ್ಕಾಟನ 'ಐವನ್‌ಹೋ' 1819ರ ಕೊನೆಯಲ್ಲಿ ಹೊರಬಂದಂದಿನಿಂದ ರಾಹುತರ ಕನಸನ್ನೇ ಕಾಣುತ್ತಿದ್ದ ಶ್ರೀಮಂತ ತರುಣರಿಗೆ ಇದು ಸಹಿಸದಾಯಿತು. ಎಗ್ಲಿಂಟನ್ನಿನ 13ನೆಯ ಅರ್ಲ್ ಪದವಿಯಲ್ಲಿದ್ದ ಆರ್ಚಿಬಾಲ್ಡ್ ಮಾಂಟ್‌ಗಮರಿಯು ಆಗ ಇನ್ನೂ ಇಪ್ಪತ್ತಾರರ ಪ್ರಾಯದವನು. ತನ್ನ ಕೋಟೆಯ ಬಯಲಿನಲ್ಲಿ ಮಧ್ಯಯುಗದ ಪದ್ಧತಿಯ ಭರ್ಜಿಕಾಳಗವನ್ನು ನಡೆಸುವುದಾಗಿ ಅವನು ಒಪ್ಪಿಕೊಂಡನು.

ಲಂಡನ್ನಿನ ಪ್ರಾಚೀನವಸ್ತುಗಳ ವ್ಯಾಪಾರಿ ಸಾಮ್ಯುಯೆಲ್ ಪ್ರಾಟ್ ಕವಚಗಳನ್ನು ಒದಗಿಸಿದನು. ಪ್ರೇಕ್ಷಕರಿಗಾಗಿ ಮಂಟಪಗಳನ್ನು ಕಟ್ಟಿಸುವ ಭಾರವನ್ನೂ ಅವನೇ ಹೊತ್ತನು. ಮೊದಲ ಸಭೆಗೆ ನೂರೈವತ್ತು ಮಂದಿ ಉತ್ಸಾಹಿಗಳು ನೆರೆದಿದ್ದರೆನ್ನುವರು. ಕವಚದ ಬೆಲೆಯೂ ಭಾರವೂ ತಿಳಿಯುತ್ತ ಬಂದಂತೆ ಅವರ ಸಂಖ್ಯೆ ಕರಗಿ, ಕಡೆಗೆ ಕಣಕ್ಕಿಳಿದವರು ಹದಿಮೂರು ಮಂದಿ. ಒಬ್ಬೊಬ್ಬನೂ ಒಂದೊಂದು ಹೆಸರನ್ನು ಧರಿಸಿದನು: ಡ್ರ್ಯಾಗನ್ನಿನ ರಾಹುತ, ಹಂಸದ ರಾಹುತ, ಬಿಳಿಯ ಗುಲಾಬಿಯ ರಾಹುತ, ಉರಿಯುವ ಗೋಪುರದ ರಾಹುತ. ಇವೆಲ್ಲ ಲಾಂಛನದ ಹೆಸರುಗಳೇ ಹೊರತು ಮನುಷ್ಯರ ಹೆಸರುಗಳಲ್ಲ. ಈ ರಾಹುತನು ಯಾವ ಊರಿನವನು, ಯಾರ ಮಗನು, ಯಾವ ಅರಸನ ಕಾಲದವನು ಎಂದು ಯಾರೂ ಕೇಳಲಿಲ್ಲ. 1839ರ ಆಗಸ್ಟ್ 28ರಂದು ಸುಮಾರು ಒಂದು ಲಕ್ಷ ಜನರು ನೆರೆದಿರಲು, ಮೆರವಣಿಗೆಯು ಹೊರಡುವ ಹೊತ್ತಿಗೆ ಸರಿಯಾಗಿ ಆಕಾಶವು ಕಳಚಿಬಿದ್ದಂತೆ ಮಳೆಯು ಹೊಯ್ಯಿತು. ಮಂಟಪದ ಮಾಡು ಸೋರಿತು. ಔತಣದ ಡೇರೆಗೆ ನೀರು ನುಗ್ಗಿತು. ಕೂಟದ ಅರಸನೆನಿಸಿದ್ದ ಲಂಡನ್‌ಡೆರಿಯ ಮಾರ್ಕ್ವಿಸನು ರಾಜೋಚಿತವಾದ ಉಡುಪಿನ ಮೇಲೆ ಕೊಡೆಯನ್ನು ಬಿಚ್ಚಿ ಹಿಡಿದುಕೊಂಡನು. ವ್ಯಂಗ್ಯಚಿತ್ರಕಾರರಿಗೆ ಅದೊಂದು ಕೊಡೆಯೇ ಸಾಕಾಯಿತು. 30ರಂದು ಬಿಸಿಲು ಬಂದು ಕಾಳಗವು ಚೆನ್ನಾಗಿಯೇ ನಡೆಯಿತೆಂಬುದನ್ನೂ, ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ನನು ಅದರಲ್ಲಿ ಪಾಲ್ಗೊಂಡಿದ್ದನೆಂಬುದನ್ನೂ ಲೋಕವು ಮರೆತಿದೆ. ಕೊಡೆಯನ್ನು ಮರೆತಿಲ್ಲ.

ಎಗ್ಲಿಂಟನ್ನಿನ ರಾಹುತರಿಗೆ ಇಲ್ಲದಿದ್ದುದು ಕವಚವಲ್ಲ, ಹಣವಲ್ಲ; ತಾವು ಯಾರು ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಹವ್ಯಾಸದ ಮೂಲದಲ್ಲಿಯೇ ಇರಿಸಿದ ಕೀರ್ತಿ ಅಮೆರಿಕದ ಕೆಲವು ವಿದ್ಯಾರ್ಥಿಗಳದು. 1966ರ ಮೇ 1ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಮಧ್ಯಯುಗದ ಸಾಹಿತ್ಯವನ್ನು ಅಭ್ಯಾಸಮಾಡುತ್ತಿದ್ದ ಡಯಾನಾ ಪ್ಯಾಕ್ಸನ್ನಳ ಮನೆಯ ಹಿತ್ತಿಲಿನಲ್ಲಿ ಸ್ನೇಹಿತರ ಕೂಟವೊಂದು ಸೇರಿತು. ಮರದ ಕತ್ತಿಗಳಿಂದ ಕಾಳಗವಾಡಿ, ಕಡೆಗೆ ಇಪ್ಪತ್ತನೆಯ ಶತಮಾನವನ್ನೇ ಪ್ರತಿಭಟಿಸುವೆವೆಂದು ಬೀದಿಯಲ್ಲಿ ಮೆರವಣಿಗೆ ಹೋದರು. ಪ್ರತಿಭಟನೆಗಳಿಗೆ ಹೆಸರಾಗಿದ್ದ ಆ ಊರಿನಲ್ಲಿ ಇದು ಯಾರಿಗೂ ಅತಿಶಯವಾಗಿ ಕಂಡಿರಲಾರದು. ಮುಂದಿನ ಕೂಟಕ್ಕೆ ಉದ್ಯಾನವನ್ನು ಗೊತ್ತುಮಾಡಲು ಸಂಘದ ಹೆಸರನ್ನು ಹೇಳಬೇಕಾಗಿ ಬಂದಾಗ ಲೇಖಕಿ ಮೇರಿಯನ್ ಜಿಮರ್ ಬ್ರ್ಯಾಡ್ಲಿಯು ಆಗಿಂದಾಗ್ಗೆ ಒಂದನ್ನು ಸೂಚಿಸಿದಳು: ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. ಕಾಲಕ್ಕೆ ಸಲ್ಲದುದನ್ನು ಬೇಕೆಂದೇ ಸೃಷ್ಟಿಸುವವರ ಸಂಘವೆಂದು ಇದರ ಅರ್ಥ. ಇವರ ಶಕವೂ ಆ ಮೇ ತಿಂಗಳ ದಿನದಿಂದಲೇ ಮೊದಲಾಗುವುದು. ಇವರ ಭೂಪಟದ 'ರಾಜ್ಯ'ಗಳ ಸಂಖ್ಯೆಯು 2015ರಲ್ಲಿ 20ಕ್ಕೆ ಮುಟ್ಟಿತು. ಬೆತ್ತದ ಕತ್ತಿಯ ಕಾಳಗದಲ್ಲಿ ಗೆದ್ದವನು ಕೆಲವು ತಿಂಗಳ ಮಟ್ಟಿಗೆ ಅರಸನಾಗುವನು. ಏಟು ಸರಿಯಾಗಿ ತಗಲಿತೇ ಎಂಬುದನ್ನು ನಿರ್ಣಯಿಸುವ ಹೊಣೆಯು ಏಟು ತಿಂದವನದೇ ಎಂಬುದು ಇವರ ನಿಯಮಗಳಲ್ಲಿ ಸೊಗಸಾದುದು.

ಈ ಸಂಘದ ಸದಸ್ಯನು ಒಬ್ಬ ಕಲ್ಪಿತ ವ್ಯಕ್ತಿಯನ್ನು ನಿರ್ಮಿಸಿಕೊಂಡು ಅವನಾಗಿ ಕೂಟದಲ್ಲಿ ವರ್ತಿಸುವನು. ಇದಕ್ಕೆ 'ಪರ್ಸೋನಾ' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ನಟನ ಮೊಗವಾಡವೆಂದು ಅರ್ಥ. ಚರಿತ್ರೆಯಲ್ಲಿ ಇದ್ದ ಪ್ರಸಿದ್ಧ ವ್ಯಕ್ತಿಯೇ ತಾನೆಂದು ಹೇಳಿಕೊಳ್ಳುವಂತಿಲ್ಲ. ಬಿರುದನ್ನು ಸಂಘದೊಳಗೆ ಸಂಪಾದಿಸಬೇಕಲ್ಲದೆ ಹೆಸರಿನೊಡನೆ ಹೊತ್ತುತರುವಂತಿಲ್ಲ. ಆದಕಾರಣ ಇವನು ಇದ್ದವನಲ್ಲ, ಆದರೆ ಇದ್ದಿರಬಹುದಾದವನು. 'ಇದ್ದಿರಬಹುದಾದ' ಎಂಬ ಆ ಒಂದು ಪದದಲ್ಲಿಯೇ ಚರಿತ್ರೆಯ ಶ್ರಮವೆಲ್ಲ ಅಡಗಿರುವುದು.

ಹೆಸರಿನಿಂದಲೇ ತೊಡಕು ಆರಂಭ. ಪ್ರಾಚೀನವಾಗಿ ಕೇಳಿಸುವ ಹೆಸರುಗಳೆಲ್ಲ ಪ್ರಾಚೀನವಲ್ಲ. ಸೆಡ್ರಿಕ್ ಎಂಬುದು ಸ್ಕಾಟನು 'ಐವನ್‌ಹೋ'ದಲ್ಲಿ ಬಳಕೆಗೆ ತಂದುದು. ವನೆಸ್ಸಾ ಎಂಬುದು ಹದಿನೆಂಟನೆಯ ಶತಮಾನದಲ್ಲಿ ಸ್ವಿಫ್ಟನು ಸೃಷ್ಟಿಸಿದುದು. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನಲ್ಲಿಯಾದರೋ ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಐದೇ ಹೆಸರುಗಳಲ್ಲಿ ಬಹುಪಾಲು ಗಂಡಸರು ಅಡಗಿಹೋಗುವರು. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುತ್ತಿದ್ದುದು ಊರು, ತಂದೆ, ಕಸುಬು, ಇಲ್ಲವೆ ಮೈಯ ಯಾವುದೋ ಗುರುತು. ಕತ್ತಲೆಯ ಕೋಟೆಯ ಸೆಡ್ರಿಕನಾಗಬೇಕೆಂದು ಬಂದವನು ಕಡೆಗೆ ಬಾಣಗಾರನ ಮಗ ಜಾನ್ ಆಗಿ ಹಿಂದಿರುಗುವನು. ಪ್ರಥಮದಲ್ಲಿ ಇದು ಆಶಾಭಂಗವೇ ಸರಿ.

ಉಡುಪಿನ ವಿಷಯವೂ ಹಾಗೆಯೇ. 1363ರ ಇಂಗ್ಲಿಷ್ ಶಾಸನವು ಯಾವ ಅಂತಸ್ತಿನವರು ಯಾವ ಬೆಲೆಯ ಬಟ್ಟೆಯನ್ನು ಉಡಬೇಕೆಂದು ವಿಧಿಸಿ, ನೇಗಿಲು ಹೂಡುವವನಿಗೂ ಗಾಡಿ ಹೊಡೆಯುವವನಿಗೂ ಒರಟು ಉಣ್ಣೆಯನ್ನು ಬಿಟ್ಟು ಬೇರೆಯದನ್ನು ನಿಷೇಧಿಸಿತು. ಶಾಸನವು ಬಹುಕಾಲ ನಿಲ್ಲಲಿಲ್ಲ. ಆದರೆ ಇಂಥದೊಂದು ಬೇಕಾಯಿತೆಂಬುದರಿಂದಲೇ, ಗಾಡಿ ಹೊಡೆಯುವವರು ಆಗ ಒಳ್ಳೆಯ ಬಟ್ಟೆಯನ್ನು ಉಡತೊಡಗಿದ್ದರೆಂದು ಊಹಿಸಬಹುದು. ಇನ್ನು ಊಟ. ಆಲೂಗೆಡ್ಡೆ, ಟೊಮೆಟೊ, ಮೆಕ್ಕೆಜೋಳ, ಟರ್ಕಿ ಕೋಳಿ ಇವೆಲ್ಲ 1492ರ ತರುವಾಯ ಅಮೆರಿಕದಿಂದ ಬಂದುವು. ಇಂದು ಜಾತ್ರೆಗಳಲ್ಲಿ ಮಧ್ಯಯುಗದ ರಾಜಭೋಜನವೆಂದು ಮಾರುವ ಟರ್ಕಿಯ ಕಾಲನ್ನು ಮಧ್ಯಯುಗದ ಯಾವ ಅರಸನೂ ಕಂಡಿರಲಿಲ್ಲ. ಪೋರ್ಚುಗೀಸರ ಮೂಲಕ ಬಂದ ಒಣಮೆಣಸಿನಕಾಯಿಯಿಲ್ಲದ ಸಾರನ್ನು ಊಹಿಸಿಕೊಳ್ಳಲಾರದ ಕನ್ನಡಿಗರಿಗೆ ಈ ತೊಡಕು ಚೆನ್ನಾಗಿ ಅರ್ಥವಾಗತಕ್ಕದ್ದು.

ಕನ್ನಡನಾಡಿನ ಚರಿತ್ರೆಯೂ ಈ ಹವ್ಯಾಸಕ್ಕೆ ಹೊರಗಾದುದಲ್ಲ. ಸಂಘದ ಕಾಲಮಿತಿಯು ಹದಿನೇಳನೆಯ ಶತಮಾನಕ್ಕೆ ಹಿಂದೆ. ವಿಜಯನಗರವು ಅದರೊಳಗೇ ಬೀಳುವುದು. ಸುಮಾರು 1520ರಲ್ಲಿ ಬಂದ ಡೊಮಿಂಗೊ ಪೇಯಸ್ಸನ ಬರಹವೂ, ಅವನ ಹಿಂದೆ ಬಂದ ನೂನಿಜನ ಬರಹವೂ ಉಳಿದಿರುವುದರಿಂದ, ಗೋವೆಯ ಹಡಗುಕಟ್ಟೆಯಲ್ಲಿ ಅರಬ್ಬೀ ಕುದುರೆಗಳನ್ನು ಇಳಿಸಿಕೊಂಡು ಘಟ್ಟವನ್ನು ಹತ್ತಿ, ಮಹಾನವಮಿಯ ಹೊತ್ತಿಗೆ ರಾಜಧಾನಿಯನ್ನು ಮುಟ್ಟುವ ಅನಾಮಧೇಯ ಪೋರ್ಚುಗೀಸ್ ವ್ಯಾಪಾರಿಯೊಬ್ಬನನ್ನು ಕಲ್ಪಿಸಿಕೊಳ್ಳಲು ಬೇಕಾದ ಸಾಮಗ್ರಿಯು ಸಾಕಷ್ಟಿದೆ. ಆ ಕುದುರೆಗೆ ಹುಲ್ಲು ಹಾಕಿದ ಕನ್ನಡಿಗನನ್ನು ಕಲ್ಪಿಸಿಕೊಳ್ಳುವುದು ಅದಕ್ಕಿಂತ ಬಹಳ ಕಷ್ಟ.

ಕಷ್ಟವು ಎಲ್ಲ ದೇಶಗಳಲ್ಲಿಯೂ ಇದೇ ಬಗೆಯದು. ರಾಣಿಯಾಗಬಯಸುವವಳಿಗೆ ಗ್ರಂಥಗಳೂ ಚಿತ್ರಪಟಗಳೂ ಹೇರಳವಾಗಿ ದೊರೆಯುವುವು. ಹಳ್ಳಿಯ ಹೆಂಗಸಾಗಬಯಸಿದರೆ ನ್ಯಾಯಸ್ಥಾನದ ಸುರುಳಿಗಳನ್ನು ಹುಡುಕಬೇಕು. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಯವಸುರೆಯನ್ನು ಕಾಯಿಸಿ ಮಾರುತ್ತಿದ್ದವರಲ್ಲಿ ಬಹಳ ಮಂದಿ ಹೆಂಗಸರು. ಅಂದಿನ ಸುರೆಗೆ ಹಾಪ್ಸ್ ಹೂವನ್ನು ಹಾಕುತ್ತಿರಲಿಲ್ಲವಾದ್ದರಿಂದ ಅದು ಕೆಲವೇ ದಿನಗಳಲ್ಲಿ ಹುಳಿಯುತ್ತಿತ್ತು. ಮತ್ತೆ ಮತ್ತೆ ಕಾಯಿಸಬೇಕಾಗುತ್ತಿತ್ತು. ಅಳತೆಯೂ ಬೆಲೆಯೂ ಶಾಸನಕ್ಕೊಳಪಟ್ಟಿದ್ದುವು. ಜಮೀನುದಾರನ ನ್ಯಾಯಸ್ಥಾನವು ಸುರೆ ಮಾರಿದವರಿಂದ ದಂಡವನ್ನು ವಸೂಲುಮಾಡುತ್ತ, ದಂಡ ತೆತ್ತವಳ ಹೆಸರನ್ನು ಬರೆದಿಡುತ್ತಿತ್ತು. ಅವಳ ಮದುವೆಯೂ ಅವಳ ಮಾತೂ ಯಾರಿಗೂ ಬೇಕಾಗಿರಲಿಲ್ಲ. ಬೇಕಾದುದು ಎರಡು ಮೂರು ಪೆನ್ನಿಗಳ ದಂಡ. ಹೀಗೆ ಅಗಾಥಾ, ಎಮ್ಮಾ, ಮಟಿಲ್ಡಾ ಎಂಬ ಹೆಸರುಗಳು ಉಳಿದುವು.

1348–49ರ ಮಹಾಮಾರಿಯಲ್ಲಿ ಇಂಗ್ಲೆಂಡಿನ ಜನರಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿದವರು ಅಳಿದರು. ಉಳಿದ ಕೂಲಿಕಾರರು ಹೆಚ್ಚು ಕೂಲಿಯನ್ನು ಕೇಳಲು, 1351ರ ಶಾಸನವು ಅದನ್ನು ತಡೆಯಿತು. 1381ರಲ್ಲಿ ಬೇಸಾಯಗಾರರು ದಂಗೆಯೆದ್ದಾಗ ಹಲವು ಊರುಗಳಲ್ಲಿ ಮೊಟ್ಟಮೊದಲು ಹುಡುಕಿ ಬೆಂಕಿಗೆ ಹಾಕಿದುದು ಇಂಥ ಸುರುಳಿಗಳನ್ನೇ. ತಮ್ಮ ಜೀತವೂ ತಮ್ಮ ದಂಡವೂ ಅವುಗಳಲ್ಲಿ ಬರೆದಿರುವುದನ್ನು ಅವರು ಬಲ್ಲವರಾಗಿದ್ದರು. ಇಂದು ಸುರೆಕಾರ್ತಿಯ ಉಡುಪನ್ನು ಹೊಲಿದುಕೊಂಡು, ತನಗೊಂದು ಸಾಚಾ ಹೆಸರು ಬೇಕೆಂದು ಅರಸುವ ಹವ್ಯಾಸಿಯ ಕೈಗೆ ಸಿಕ್ಕುವುವು ಆ ಬೆಂಕಿಯಿಂದ ತಪ್ಪಿಸಿಕೊಂಡ ಸುರುಳಿಗಳು.