ಗೊರಗುಟ್ಟಿದ್ದು ರೇಡಿಯೋ ಅಲ್ಲ

ಕಾರಿನಲ್ಲಿ ಕುಳಿತು ಸಂಗೀತ ಕೇಳುವ ಸುಖ ದೊಡ್ಡದು. ಆ ಸಂಗೀತ ಕೆಟ್ಟಾಗ ಯಾರನ್ನಾದರೂ ಬೈಯಬೇಕೆಂಬ ಆತುರ ಅದಕ್ಕಿಂತಲೂ ದೊಡ್ಡದು. ಈ ಆತುರಕ್ಕೆ ಸಿಕ್ಕಿ ನಾನೊಮ್ಮೆ ನಿರಪರಾಧಿಯೊಬ್ಬನನ್ನು ನೋಯಿಸಿದೆ.

1974ರ ಮಾತು. ನಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಬೆಂಗಳೂರಿನ ರಿಪೇರಿಯವನೊಬ್ಬ ರೇಡಿಯೋ ಕೂರಿಸಿಕೊಟ್ಟಿದ್ದ. ಮೂರು ತಿಂಗಳು ಸೊಗಸಾಗಿ ಹಾಡಿತು. ಆಮೇಲೆ ಪಿಟೀಲಿನ ಜೊತೆಗೆ ಕಡಲೆ ಹುರಿದಂತೆ ಚಟಪಟ ಸದ್ದು ಸೇರಿಕೊಂಡಿತು. ಕಾರಿನ ವೇಗ ಹೆಚ್ಚಿದಷ್ಟೂ ಸದ್ದೂ ಚುರುಕಾಗುತ್ತಿತ್ತು. ನೇರವಾಗಿ ಅಂಗಡಿಗೆ ಹೋಗಿ, "ಹಳೇ ಸಾಮಾನು ಹಾಕಿ ಮೋಸ ಮಾಡಿದೆಯಲ್ಲಯ್ಯ!" ಎಂದು ನಾಲ್ಕು ಜನರ ಮುಂದೆ ಕೂಗಾಡಿದೆ. ಆತ ಎದುರಾಡಲಿಲ್ಲ; ತನ್ನ ಕೂಲಿಯ ಹಣವನ್ನು ಎಣಿಸಿ ನನ್ನ ಕೈಗಿಟ್ಟ.

ಆ ಸದ್ದಿನ ಇತಿಹಾಸ ಅಂದು ನನಗೆ ತಿಳಿದಿದ್ದರೆ ಆ ಮಾತು ಬಾಯಿಂದ ಬರುತ್ತಿರಲಿಲ್ಲ.

ಜರ್ಮನಿಯ ಹೈನ್ರಿಕ್ ಹರ್ಟ್ಸ್ 1887ರಲ್ಲಿ ವಿದ್ಯುತ್ತಿನ ಕಿಡಿಯೊಂದನ್ನು ಹಾರಿಸಿ, ಅದರಿಂದ ಹೊರಟ ಅಲೆಯನ್ನು ದೂರದಲ್ಲಿ ಹಿಡಿದು ತೋರಿಸಿದನು. ಬಾನುಲಿಯ ಮೂಲವೇ ಕಿಡಿ. ಪೆಟ್ರೋಲ್ ಇಂಜಿನ್ನಿಗೂ ಕಿಡಿಯೇ ಪ್ರಾಣ. ನಿಮಿಷಕ್ಕೆ ಸಾವಿರಾರು ಕಿಡಿಗಳು ಅದರ ಪ್ಲಗ್ಗುಗಳಲ್ಲಿ ಹಾರುತ್ತವೆ. ಹೀಗೆ ಪ್ರತಿಯೊಂದು ಪೆಟ್ರೋಲ್ ಕಾರೂ ತನಗರಿವಿಲ್ಲದ ಒಂದು ಪುಟ್ಟ ಪ್ರಸಾರ ಕೇಂದ್ರ. ಅದರ ಮಡಿಲಲ್ಲಿ ರೇಡಿಯೋ ಇಟ್ಟರೆ ಅದು ದೂರದ ಊರಿನ ಹಾಡಿಗಿಂತ ಮನೆಯ ಜಗಳವನ್ನೇ ಮೊದಲು ಕೇಳಿಸಿಕೊಳ್ಳುತ್ತದೆ.

ಅಮೆರಿಕದ ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ 1930ರಲ್ಲಿ ಎದುರಿಸಿದ್ದು ಈ ಜಗಳವನ್ನೇ. ಕಾರಿನ ರೇಡಿಯೋಗಳು ಅವನಿಗೆ ಮೊದಲೂ ಇದ್ದವು. ಆದರೆ ಬೆಲೆ ಹೆಚ್ಚು, ಜೋಡಣೆ ಕಷ್ಟ. ಸದ್ದಡಗಿಸಲು ಅಂದು ಕಂಡುಕೊಂಡ ಉಪಾಯಗಳೆಂದರೆ, ಪ್ಲಗ್ಗಿನ ತಂತಿಗಳಿಗೆ 'ಸಪ್ರೆಸರ್' ಎಂಬ ತಡೆ, ಡೈನಮೋಗೆ ಕಂಡೆನ್ಸರ್, ತಂತಿಗಳಿಗೆ ಲೋಹದ ಹೊದಿಕೆ. ಆ ವರ್ಷ ಗ್ಯಾಲ್ವಿನ್ ತನ್ನ ಸ್ಟೂಡಿಬೇಕರ್ ಕಾರಿಗೆ ರೇಡಿಯೋ ಜೋಡಿಸಿ, ಸುಮಾರು 800 ಮೈಲಿ ದೂರದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದನು. ಒಳಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ, ಬಂದವರಿಗೆ ರೇಡಿಯೋ ಕೇಳಿಸಿದನು. ಅದಕ್ಕೆ ಅವನಿಟ್ಟ ಹೆಸರು ಮೋಟೊರೋಲ. 1947ರಲ್ಲಿ ಅದೇ ಅವನ ಕಂಪನಿಯ ಹೆಸರೂ ಆಯಿತು.

ಆ ಕಾಲದ ರೇಡಿಯೋಗಳಿಗೆ ಇನ್ನೊಂದು ಕಾಯಿಲೆಯಿತ್ತು. ಒಳಗಿನ ವಾಲ್ವುಗಳಿಗೆ ಕಾರಿನ ಬ್ಯಾಟರಿಯ 6 ವೋಲ್ಟ್ ಏನೇನೂ ಸಾಲದು. ಅದನ್ನು ಹೆಚ್ಚಿಸಲು 'ವೈಬ್ರೇಟರ್' ಎಂಬ ಗುಂಯ್‌ಗುಡುವ ಯಂತ್ರವನ್ನು ಬಳಸಿದರು. ಅದರ ಮೊನೆಗಳು ಸವೆದು ಅಂಟಿಕೊಂಡರೆ ಹಾಡು ನಿಂತಂತೆಯೇ. 1955ರಲ್ಲಿ ಕ್ರೈಸ್ಲರ್ ಕಾರಿಗಾಗಿ ಫಿಲ್ಕೊ ಕಂಪನಿಯು ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೋ ತಂದಿತು; ಮುಂದೆ ವೈಬ್ರೇಟರಿನ ಕಾಟ ತಪ್ಪಿತು. ಕಿಡಿಯ ಕಾಟ ಮಾತ್ರ ತಪ್ಪಲಿಲ್ಲ.

ನಮ್ಮ ಅಂಬಾಸಿಡರಿಗೆ ಮರಳೋಣ. ಜೆ.ಸಿ. ರಸ್ತೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರು, "ಇಂಜಿನ್ ನಿಲ್ಲಿಸಿ ಕೇಳಿ ಸ್ವಾಮಿ" ಎಂದರು. ನಿಲ್ಲಿಸಿದೆ, ಪಿಟೀಲು ಸ್ವಚ್ಛವಾಗಿ ಕೇಳಿಸಿತು. "ರೇಡಿಯೋದ್ದೇನೂ ತಪ್ಪಿಲ್ಲ" ಎಂದು ಬಾನೆಟ್ ಎತ್ತಿದರು. ಹಿಂದಿನ ತಿಂಗಳು ಬೇರೆ ಗ್ಯಾರೇಜಿನಲ್ಲಿ ಪ್ಲಗ್ಗಿನ ತಂತಿ ಬದಲಿಸಿದಾಗ ಸಪ್ರೆಸರನ್ನು ಮತ್ತೆ ಹಾಕಿರಲಿಲ್ಲ! ಅದನ್ನು ಹಾಕಿದೊಡನೆ ಸದ್ದು ಅಡಗಿತು.

ಕಾರಿನ ಒಳಜಗಳ ಇಂದಿಗೂ ಮುಗಿದಿಲ್ಲ. ವಿದ್ಯುತ್ ಕಾರುಗಳಲ್ಲಿ ಕಿಡಿಯಿಲ್ಲ; ಆದರೂ ಮೋಟಾರು ನಡೆಸುವ ಉಪಕರಣಗಳು ಮಧ್ಯಮ ತರಂಗದ ಕೇಂದ್ರಗಳನ್ನು ಕೆಡಿಸುತ್ತವೆ. ಕೆಲವು ತಯಾರಕರು ಆ ತರಂಗವನ್ನೇ ಕೈಬಿಟ್ಟರು. ಫೋರ್ಡ್ ಕಂಪನಿಯೂ ಹಾಗೆ ಮಾಡಹೊರಟು, 2023ರಲ್ಲಿ ಮನಸ್ಸು ಬದಲಿಸಿತು.

ಅಂದು ಸಂಜೆಯೇ ಆ ರಿಪೇರಿಯವನ ಅಂಗಡಿಗೆ ಹೋದೆ. ಹಣವನ್ನು ಮುಂದಿಟ್ಟು, "ತಪ್ಪು ನನ್ನದಪ್ಪ" ಎಂದೆ. ಕೂಗಾಡಿದ ದಿನ ನಾಲ್ಕು ಜನರಿದ್ದರು. ತಪ್ಪೊಪ್ಪಿಕೊಂಡ ದಿನ ನಾವಿಬ್ಬರೇ ಇದ್ದೆವು. ಆ ಲೆಕ್ಕ ಇಂದಿಗೂ ಸರಿಹೋಗಿಲ್ಲ. ಆತ ಹಣವನ್ನು ಎಣಿಸಲೂ ಇಲ್ಲ.

"ಸದ್ದು ನಿಂತಿತೇ ಸ್ವಾಮಿ?" ಎಂದಷ್ಟೇ ಕೇಳಿದ.